ಗಡಿಗೆ ಗೋಡೆ ಕಟ್ಟಿದ್ರೆ ವಲಸೆ ನಿಲ್ಲುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರುವುದು ಸ್ಯಾನ್ ಡಿಯೇಗೊದಲ್ಲಿ. ಮನೆಯಿಂದ ಅರ್ಧ ಗಂಟೆ ಕಾರು ಓಡಿಸಿದರೆ ಮೆಕ್ಸಿಕೊ ಗಡಿ. ಊರಿಂದ ಬಂದವರಿಗೆ ಮೃಗಾಲಯ ತೋರಿಸಿ, ಸಮುದ್ರ ತೋರಿಸಿ, ಕೊನೆಗೆ ಗೋಡೆ ತೋರಿಸಲು ಕರೆದುಕೊಂಡು ಹೋಗುತ್ತೇನೆ. ವಾಪಸ್ ಬರುವಾಗ ಕಾರಿನಲ್ಲಿ ಅದೇ ಪ್ರಶ್ನೆಗಳು. ಫೋನಿನಲ್ಲಿ ಮಾವನವರದ್ದೂ ಅದೇ, ಪತ್ರ ಬರೆಯುವ ಗೆಳೆಯರದ್ದೂ ಅದೇ. ಅವರು ಕೇಳಿದ ಹಾಗೇ ಇಲ್ಲಿ ಇಟ್ಟಿದ್ದೇನೆ.

## ಮೊದಲು, ಗೋಡೆ ಅಂದರೆ ಏನು

ಅಮೆರಿಕ, ಮೆಕ್ಸಿಕೊ ಮಧ್ಯೆ ಈ ತುದಿಯಿಂದ ಆ ತುದಿವರೆಗೂ ಗೋಡೆ ಇದೆಯಾ?

ಇಲ್ಲ. ಗಡಿ ಸುಮಾರು 3,145 ಕಿ.ಮೀ. ಇದೆ. 2021ರ ಆರಂಭದ ಹೊತ್ತಿಗೆ ಅದರಲ್ಲಿ 1,130 ಕಿ.ಮೀ. ಆಸುಪಾಸಿಗೆ ಒಂದಲ್ಲ ಒಂದು ಥರದ ತಡೆ ಇತ್ತು, ಅಂದರೆ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಪಶ್ಚಿಮದಲ್ಲಿ ಕ್ಯಾಲಿಫೋರ್ನಿಯಾ, ಅರಿಜೋನಾ, ನ್ಯೂ ಮೆಕ್ಸಿಕೊ ಕಡೆ ಒಣ ನೆಲ, ಅಲ್ಲೇ ಬೇಲಿ ಹೆಚ್ಚು. ಪೂರ್ವದಲ್ಲಿ ಟೆಕ್ಸಾಸ್. ಅಲ್ಲಿ ಸುಮಾರು 2,000 ಕಿ.ಮೀ. ಉದ್ದಕ್ಕೂ ರಿಯೊ ಗ್ರಾಂಡೆ ನದಿಯೇ ಗಡಿ. ನದಿಯ ನಟ್ಟನಡುವೆ ಗೋಡೆ ಕಟ್ಟಲು ಆಗುವುದಿಲ್ಲ. ದಡದಿಂದ ಒಳಗೆ ಸರಿದು ಕಟ್ಟಬೇಕು. ಹೀಗಾಗಿ ಕೆಲವರ ಹೊಲ, ಮನೆ ಗೋಡೆಯ ಆಚೆ ಬದಿಗೆ ಉಳಿದುಬಿಟ್ಟಿವೆ. ಅಮೆರಿಕದ ನೆಲವೇ, ಆದರೆ ಮನೆಗೆ ಹೋಗಲು ಗೇಟಿನ ಕೋಡ್ ಒತ್ತಬೇಕು.

ಅದು ಇಟ್ಟಿಗೆದಾ, ಕಾಂಕ್ರೀಟಾ? ಟಿವಿಯಲ್ಲಿ ಬೇಲಿ ಥರ ಕಾಣುತ್ತೆ

ಬೇಲಿಯೇ. ಆರು ಇಂಚು ದಪ್ಪದ ಚೌಕ ಉಕ್ಕಿನ ಕಂಬಗಳು, ಒಳಗೆ ಕಾಂಕ್ರೀಟು ತುಂಬಿದ್ದು. ಎರಡು ಕಂಬಗಳ ಮಧ್ಯೆ ನಾಲ್ಕು ಇಂಚು ಸಂದು. ಎತ್ತರ 18ರಿಂದ 30 ಅಡಿ. ಸಂದು ಬಿಟ್ಟಿರುವುದು ಆಚೆ ಕಡೆ ಯಾರಿದ್ದಾರೆ ಅಂತ ಗಸ್ತಿನವರಿಗೆ ಕಾಣಲಿ ಎಂದು. ನಮ್ಮ ಕಡೆ ಇದು ಮರಳಿನ ಮೇಲೆ ನಡೆದು ಹೋಗಿ ಸುಮಾರು 300 ಅಡಿ ಸಮುದ್ರದೊಳಗೂ ಇಳಿಯುತ್ತದೆ. ಉಪ್ಪುಗಾಳಿಗೆ ತುಕ್ಕು ಹಿಡಿದು ಕಂಬವೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುತ್ತದೆ. ಆಚೆ ಮೆಕ್ಸಿಕೊದ ತಿಹುವಾನಾ ಊರಿನ ಬದಿಯಲ್ಲಿ ಕಂಬಗಳ ಮೇಲೆಲ್ಲ ಚಿತ್ರ ಬರೆದಿದ್ದಾರೆ, ಜನ ಮೀನು ತಿನ್ನುತ್ತ ಕೂತಿರುತ್ತಾರೆ. ಈಚೆ ಬದಿಯಲ್ಲಿ ಒಂದು ಗಸ್ತಿನ ಜೀಪು ಬಿಟ್ಟರೆ ಯಾರೂ ಇರುವುದಿಲ್ಲ.

ಇದನ್ನ ಶುರು ಮಾಡಿದ್ದು ಟ್ರಂಪ್ ತಾನೇ?

ಅಲ್ಲ. 1990ರ ದಶಕದಲ್ಲೇ ವಿಯೆಟ್ನಾಂ ಯುದ್ಧದ ಕಾಲದ ಉಕ್ಕಿನ ಹಾಳೆಗಳನ್ನು ನಿಲ್ಲಿಸಿ ಇಲ್ಲಿ ಬೇಲಿ ಮಾಡಿದ್ದರು. ವಿಮಾನ ಇಳಿಯಲು ನೆಲಕ್ಕೆ ಹಾಸುತ್ತಿದ್ದ ಹಾಳೆಗಳು ಅವು. 1994ರಲ್ಲಿ ಕ್ಲಿಂಟನ್ ಸರ್ಕಾರ 'ಆಪರೇಷನ್ ಗೇಟ್‌ಕೀಪರ್' ಅಂತ ಸ್ಯಾನ್ ಡಿಯೇಗೊ ಗಡಿಯನ್ನು ಬಿಗಿ ಮಾಡಿತು. 2006ರಲ್ಲಿ ಬುಷ್ ಕಾಲದ ಕಾಯ್ದೆ 1,100 ಕಿ.ಮೀ.ಗೂ ಹೆಚ್ಚು ಬೇಲಿಗೆ ಒಪ್ಪಿಗೆ ಕೊಟ್ಟಿತು. ಆಗ ಸೆನೆಟರ್‌ಗಳಾಗಿದ್ದ ಒಬಾಮ, ಹಿಲರಿ ಕ್ಲಿಂಟನ್, ಬೈಡನ್ ಮೂವರೂ ಅದಕ್ಕೆ ಮತ ಹಾಕಿದ್ದರು. ಈಗ ಯಾರೂ ಅದನ್ನು ನೆನಪಿಸಿಕೊಳ್ಳುವುದಿಲ್ಲ ಅಷ್ಟೇ.

ಟ್ರಂಪ್ ಮೊದಲ ಅವಧಿಯಲ್ಲಿ ಕಟ್ಟಿದ್ದು ಸುಮಾರು 737 ಕಿ.ಮೀ. ಅದರಲ್ಲಿ ಬಹುಪಾಲು ಹಳೇ ಗಿಡ್ಡ ಬೇಲಿ ಕಿತ್ತು ಎತ್ತರದ್ದು ಹಾಕಿದ್ದು. ಮೊದಲು ಏನೂ ಇಲ್ಲದ ಜಾಗದಲ್ಲಿ ಎದ್ದ ಮೊದಲ ಸಾಲಿನ ಗೋಡೆ 85 ಕಿ.ಮೀ. ಆಸುಪಾಸು. ಇದಕ್ಕೆ ಮೆಕ್ಸಿಕೊದಿಂದಲೇ ದುಡ್ಡು ಕೊಡಿಸುತ್ತೇನೆ ಅಂದಿದ್ದರು, ಮೆಕ್ಸಿಕೊ ಕೊಡಲಿಲ್ಲ.

## ಕೆಲಸ ಮಾಡುತ್ತದೆಯೇ

ಸುತ್ತಿ ಬಳಸಿ ಬೇಡ. ಗೋಡೆ ಕಟ್ಟಿದ್ರೆ ಜನ ಬರೋದು ನಿಲ್ಲುತ್ತಾ, ಇಲ್ವಾ?

ಗೋಡೆ ಇರುವ ಜಾಗದಲ್ಲಿ ಕಡಿಮೆಯಾಗುತ್ತದೆ. ದೇಶಕ್ಕೆ ಬರುವವರ ಲೆಕ್ಕದಲ್ಲಿ ಅಷ್ಟೇನೂ ಕಡಿಮೆಯಾಗುವುದಿಲ್ಲ. ದಾರಿ ಬದಲಾಗುತ್ತದೆ, ಗಡಿ ದಾಟಿಸುವ ಏಜೆಂಟರ ರೇಟು ಏರುತ್ತದೆ, ಸಾಯುವವರು ಹೆಚ್ಚುತ್ತಾರೆ.

ಸ್ಯಾನ್ ಡಿಯೇಗೊದಲ್ಲಿ ಗೋಡೆಯಿಂದ ಪೂರ್ತಿ ಕಂಟ್ರೋಲಿಗೆ ಬಂತು ಅಂತಾರಲ್ಲ, ಸುಳ್ಳಾ?

ಸುಳ್ಳಲ್ಲ, ಅರ್ಧ ಕಥೆ. 1990ರ ದಶಕದ ಆರಂಭದಲ್ಲಿ ಇಲ್ಲಿ ಸಂಜೆಯಾದರೆ ನೂರಾರು ಜನ ಗುಂಪು ಕಟ್ಟಿಕೊಂಡು ಗಡಿ ದಾಟಿ ಓಡುತ್ತಿದ್ದರು. 1994ರಲ್ಲಿ ಸ್ಯಾನ್ ಡಿಯೇಗೊ ವಲಯದಲ್ಲಿ ಹಿಡಿದವರ ಲೆಕ್ಕ 4.5 ಲಕ್ಷ. ಗೋಡೆ, ದೀಪ, ಗಸ್ತು ಎಲ್ಲ ಬಿಗಿಯಾದ ಮೇಲೆ 2000ದಲ್ಲಿ ಅದು ಸುಮಾರು 1.5 ಲಕ್ಷಕ್ಕೆ ಇಳಿಯಿತು. ಇಲ್ಲಿಗೆ ನಿಲ್ಲಿಸಿದರೆ ಗೋಡೆ ಗೆದ್ದಿತು.

ಈಗ ಪಕ್ಕದ ಅರಿಜೋನಾದ ಟೂಸಾನ್ ವಲಯ ನೋಡಿ. ಅಲ್ಲಿ 1994ರಲ್ಲಿ 1.39 ಲಕ್ಷ ಇದ್ದದ್ದು 2000ದಲ್ಲಿ 6.16 ಲಕ್ಷ. ಇಡೀ ದಕ್ಷಿಣ ಗಡಿಯ ಲೆಕ್ಕ ಇದೇ ಆರು ವರ್ಷದಲ್ಲಿ 9.8 ಲಕ್ಷದಿಂದ 16.4 ಲಕ್ಷಕ್ಕೆ ಏರಿತು.

ಸಕಲೇಶಪುರ, ಕೊಡಗಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆನೆ ಬರದಿರಲಿ ಅಂತ ರೈಲು ಕಂಬಿಯ ಬೇಲಿ ಹಾಕಿದರೆ ಬೇಲಿಯ ಹಿಂದಿನ ತೋಟದವರಿಗೆ ನೆಮ್ಮದಿ. ಕಂಬಿ ಮುಗಿಯುವ ಜಾಗದ ತೋಟದವರ ಕಥೆ ಕೇಳಿ ನೋಡಿ. ಮನುಷ್ಯರನ್ನು ಆನೆಗೆ ಹೋಲಿಸಿದೆ ಅಂತ ಬೇಜಾರಾಗಬೇಡಿ, ನಾನು ಹೇಳುತ್ತಿರುವುದು ಬೇಲಿಯ ಗುಣ.

ಇನ್ನೊಂದು ವಿಷಯ. 2024ರ ಏಪ್ರಿಲ್‌ನಲ್ಲಿ ಇಡೀ ಗಡಿಯಲ್ಲಿ ಅತಿ ಹೆಚ್ಚು ಜನ ಸಿಕ್ಕಿದ್ದು ಯಾವ ವಲಯದಲ್ಲಿ ಗೊತ್ತಾ? ಎರಡೆರಡು ಸಾಲು ಬೇಲಿ ಇರುವ ಇದೇ ಸ್ಯಾನ್ ಡಿಯೇಗೊದಲ್ಲಿ.

ಅದು ಹೇಗೆ? ಎರಡು ಸಾಲು ಬೇಲಿ ಇದ್ದ ಕಡೆಯೇ ಯಾಕೆ ಬಂದ್ರು?

ಯಾಕೆಂದರೆ ಅವರು ತಪ್ಪಿಸಿಕೊಳ್ಳಲು ಬಂದವರಲ್ಲ, ಸಿಕ್ಕಿಬೀಳಲು ಬಂದವರು. ಇದು ಅರ್ಥವಾದರೆ ಗೋಡೆಯ ಅರ್ಧ ವಾದ ಮುಗಿಯಿತು.

ಮೊದಲಿನ ಕಾಲದಲ್ಲಿ ಬರುತ್ತಿದ್ದವರು ಹೆಚ್ಚಾಗಿ ಮೆಕ್ಸಿಕೊದ ಗಂಡಸರು. ಗಸ್ತಿನವರ ಕಣ್ಣು ತಪ್ಪಿಸಿ ತೋಟಕ್ಕೋ ಕಟ್ಟಡದ ಕೆಲಸಕ್ಕೋ ಸೇರಿಕೊಳ್ಳುತ್ತಿದ್ದರು. ಅಂಥವರಿಗೆ ಗೋಡೆ ನಿಜಕ್ಕೂ ಅಡ್ಡಿ. 2014ರ ಈಚೆಗೆ ಬರುವವರಲ್ಲಿ ಹೆಂಗಸರು, ಮಕ್ಕಳು, ಇಡೀ ಕುಟುಂಬಗಳು ಜಾಸ್ತಿಯಾದವು. ಅವರು ಬರುತ್ತಿದ್ದದ್ದು ಆಶ್ರಯ ಕೇಳಲು, ಅಂದರೆ ಊರಲ್ಲಿ ಜೀವಭಯ, ಇಲ್ಲೇ ಇರಲು ಬಿಡಿ ಅಂತ. ಅಮೆರಿಕದ 1980ರ ಕಾಯ್ದೆ ಪ್ರಕಾರ, ಯಾವ ದಾರಿಯಲ್ಲಿ ಬಂದಿದ್ದರೂ ಸರಿ, ಅಮೆರಿಕದ ನೆಲದ ಮೇಲೆ ನಿಂತವರು ಆಶ್ರಯ ಕೇಳಬಹುದು. ಗೋಡೆ ನಿಂತಿರುವುದು ಗಡಿಗೆರೆಯಿಂದ ಸ್ವಲ್ಪ ಒಳಗೆ. ಅಂದರೆ ಗೋಡೆಯ ಬುಡ ಮುಟ್ಟಿದವರು ಎಷ್ಟೋ ಕಡೆ ಆಗಲೇ ಅಮೆರಿಕದ ನೆಲದಲ್ಲಿರುತ್ತಾರೆ. ಅಲ್ಲೇ ಕೂತು ಗಸ್ತಿನವರಿಗೆ ಕಾಯುತ್ತಿದ್ದರು.

2023ರಲ್ಲಿ ಎರಡು ಬೇಲಿಗಳ ಮಧ್ಯದ ಪಟ್ಟಿಯಲ್ಲಿ ನೂರಾರು ಜನ ಹೀಗೆ ದಿನಗಟ್ಟಲೆ ಕೂತಿದ್ದರು. ಸ್ವಯಂಸೇವಕರ ಜೊತೆ ನಾನೂ ಒಂದು ಭಾನುವಾರ ಹೋಗಿದ್ದೆ. ನಾಲ್ಕು ಇಂಚು ಸಂದಿನಲ್ಲಿ ನೀರಿನ ಬಾಟಲಿ ತೂರುತ್ತದೆ, ಬಾಳೆಹಣ್ಣು ತೂರುತ್ತದೆ, ಮಡಚಿದ ಕಂಬಳಿ ಕಷ್ಟಪಟ್ಟು ತೂರುತ್ತದೆ. ಎಲ್ಲರೂ ಕೇಳುತ್ತಿದ್ದದ್ದು ಫೋನ್ ಚಾರ್ಜ್. ಪ್ರತಿ ಫೋನಿಗೂ ಟೇಪ್ ಅಂಟಿಸಿ ಹೆಸರು ಬರೆದು ಜನರೇಟರಿಗೆ ಸಿಕ್ಕಿಸುತ್ತಿದ್ದರು. ಅದರಲ್ಲಿ ಒಂದರ ಪರದೆಯ ಮೇಲೆ ಗುರುಮುಖಿ ಅಕ್ಷರ ಕಂಡಿತು. ನನ್ನ ಹಿಂದಿಯಲ್ಲಿ ಎಲ್ಲಿಯವರು ಅಂತ ಕೇಳಿದೆ. ಹುಡುಗ ಉತ್ತರ ಕೊಡಲಿಲ್ಲ, ಫೋನ್ ಎಷ್ಟು ಹೊತ್ತಿಗೆ ಸಿಗುತ್ತೆ ಅಂತಷ್ಟೇ ಕೇಳಿದ.

2025ರಲ್ಲಿ ಬರೋರೇ ಇಲ್ಲ ಅನ್ನೋ ಹಾಗಾಯ್ತಲ್ಲ? ಇದಕ್ಕೇನಂತೀರಿ?

ನಿಜ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದಕ್ಷಿಣ ಗಡಿಯಲ್ಲಿ ಗಸ್ತು ಪಡೆ ಹಿಡಿದವರ ಲೆಕ್ಕ 2017ರಲ್ಲಿ 3 ಲಕ್ಷ, 2019ರಲ್ಲಿ 8.5 ಲಕ್ಷ, 2022ರಲ್ಲಿ 22 ಲಕ್ಷ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಹತ್ತಿರಹತ್ತಿರ 2.5 ಲಕ್ಷ. 2025ರ ಸೆಪ್ಟೆಂಬರಿಗೆ ಮುಗಿದ ಇಡೀ ಲೆಕ್ಕದ ವರ್ಷದಲ್ಲಿ ಅದಕ್ಕಿಂತಲೂ ಕಡಿಮೆ. 1970ರ ಈಚೆಗೆ ಇಷ್ಟು ಇಳಿದದ್ದೇ ಇಲ್ಲ.

ಆದರೆ 2023ರಲ್ಲೂ 2025ರಲ್ಲೂ ನಿಂತಿದ್ದದ್ದು ಹೆಚ್ಚುಕಡಿಮೆ ಅದೇ ಗೋಡೆ. ಬದಲಾದದ್ದು ಬೇರೆ. 2024ರ ಆರಂಭದಿಂದ ಮೆಕ್ಸಿಕೊ ತನ್ನ ನೆಲದಲ್ಲೇ ಜನರನ್ನು ಹಿಡಿದು ದಕ್ಷಿಣಕ್ಕೆ ಸಾಗಿಸತೊಡಗಿತು. ಆ ಜೂನ್‌ನಲ್ಲಿ ಬೈಡನ್ ಆಶ್ರಯದ ಬಾಗಿಲನ್ನು ಮುಕ್ಕಾಲು ಮುಚ್ಚಿದರು. 2025ರ ಜನವರಿಯಲ್ಲಿ ಟ್ರಂಪ್ ಉಳಿದದ್ದನ್ನೂ ಮುಚ್ಚಿದರು. ಮೊಬೈಲ್ ಆ್ಯಪ್‌ನಲ್ಲಿ ದಿನಾಂಕ ಪಡೆದು ಕಾನೂನುಬದ್ಧವಾಗಿ ಬರುವ ವ್ಯವಸ್ಥೆ ಅದೇ ದಿನ ನಿಂತಿತು. ಗಡಿಗೆ ಸೈನ್ಯ ಬಂತು, ಗಡೀಪಾರಿನ ಭಯ ಹಬ್ಬಿತು. ಸರ್ಕಾರ ಮನಸ್ಸು ಮಾಡಿದರೆ ಗಡಿ ನಿಲ್ಲಿಸಬಹುದು ಅಂತ ಇದರಿಂದ ಗೊತ್ತಾಗುತ್ತದೆ. ಅದು ಸರಿಯೋ ತಪ್ಪೋ ಬೇರೆ ಜಗಳ. ಶ್ರೇಯಸ್ಸು ಮಾತ್ರ ಕಂಬಗಳಿಗೆ ಸೇರುವುದಿಲ್ಲ.

ವೀಸಾ ಮುಗಿದ ಮೇಲೂ ಇಲ್ಲೇ ಉಳಿದುಬಿಡೋರು?

ಅವರು ಗೋಡೆಯನ್ನು ನೋಡೇ ಇರುವುದಿಲ್ಲ. ವಿಮಾನದಲ್ಲಿ ಬಂದು, ಬೆರಳಚ್ಚು ಕೊಟ್ಟು, ನಗುನಗುತ್ತ ಒಳಗೆ ಬಂದವರು. 2023ರ ಲೆಕ್ಕದ ವರ್ಷದಲ್ಲಿ ಅವಧಿ ಮೀರಿ ಉಳಿದವರು ಸುಮಾರು 5.65 ಲಕ್ಷ ಅಂತ ಅಮೆರಿಕ ಸರ್ಕಾರದ್ದೇ ವರದಿ. 2010ರ ದಶಕದಲ್ಲಿ ಹೊಸದಾಗಿ ದಾಖಲೆ ಇಲ್ಲದವರಾದವರಲ್ಲಿ ಹೆಚ್ಚಿನವರು ಈ ಗುಂಪಿನವರೇ.

## ದುಡ್ಡು, ಜೀವ

30 ಅಡಿ ಗೋಡೆಗೆ 31 ಅಡಿ ಏಣಿ ಅಂತ ಜೋಕ್ ಮಾಡ್ತಾರೆ. ನಿಜವಾಗಲೂ ಹತ್ತುತ್ತಾರಾ?

ಹತ್ತುತ್ತಾರೆ. ಕಟ್ಟಡಕ್ಕೆ ಹಾಕುವ ಕಬ್ಬಿಣದ ಸರಳನ್ನು ಬೆಸೆದು ತೆಳ್ಳನೆಯ ಏಣಿ ಮಾಡುತ್ತಾರೆ. ತುಕ್ಕಿನ ಬಣ್ಣ ಒಂದೇ ಆದ್ದರಿಂದ ದೂರದಿಂದ ಗೊತ್ತಾಗುವುದಿಲ್ಲ. ಇಲ್ಲವೇ ಬ್ಯಾಟರಿ ಗರಗಸದಲ್ಲಿ ಕಂಬದ ಬುಡ ಕೊಯ್ಯುತ್ತಾರೆ. ಆ ಗರಗಸ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. 2019ರಿಂದ 2021ರವರೆಗಿನ ಮೂರು ಲೆಕ್ಕದ ವರ್ಷಗಳಲ್ಲಿ ಗೋಡೆಗೆ 3,000ಕ್ಕೂ ಹೆಚ್ಚು ಸಲ ಕನ್ನ ಬಿದ್ದಿದೆ. ನೆಲದಡಿಯ ಸುರಂಗಗಳ ಕಥೆ ಇನ್ನೊಂದು. 2020ರ ಜನವರಿಯಲ್ಲಿ ಬಯಲಿಗೆ ಬಂದ ಒಂದು ಸುರಂಗ 1,300 ಮೀಟರ್ ಉದ್ದ ಇತ್ತು. ಒಳಗೆ ಲಿಫ್ಟು, ಹಳಿ, ಗಾಳಿ ವ್ಯವಸ್ಥೆ, ಕರೆಂಟು ಎಲ್ಲಾ ಇತ್ತು. ನಮ್ಮೂರಿನ ಎಷ್ಟೋ ಕಾಮಗಾರಿಗಿಂತ ಅಚ್ಚುಕಟ್ಟು.

ಇನ್ನು ಲಂಚ ತೆಗೆದುಕೊಂಡು ವಾಹನ ಒಳಬಿಟ್ಟ ಗಡಿ ಸಿಬ್ಬಂದಿ ಜೈಲಿಗೆ ಹೋದ ಪ್ರಕರಣಗಳೂ ಇವೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಎತ್ತರ ಎಷ್ಟಿದ್ದರೇನು?

ಜೋಕಿನಲ್ಲಿ ಇರದ ಭಾಗ ಒಂದಿದೆ. ಹತ್ತುವುದು ಸುಲಭ, ಇಳಿಯುವುದು ಕಷ್ಟ. ಗೋಡೆಯನ್ನು 30 ಅಡಿಗೆ ಏರಿಸಿದ ಮೇಲೆ ಬಿದ್ದು ಮೂಳೆ ಮುರಿದುಕೊಂಡು ಸ್ಯಾನ್ ಡಿಯೇಗೊದ ಆಸ್ಪತ್ರೆ ಸೇರಿದವರು ಐದು ಪಟ್ಟಿಗೂ ಮೇಲಾದರು ಅಂತ ಇಲ್ಲಿನ ವೈದ್ಯರೇ ಲೆಕ್ಕ ಹಾಕಿ ಬರೆದಿದ್ದಾರೆ. ಹಿಮ್ಮಡಿ, ಮೊಣಕಾಲು, ಬೆನ್ನುಹುರಿ.

ಮರುಭೂಮಿಯಲ್ಲಿ ಸಾಯೋರಿಗೂ ಗೋಡೆಗೂ ಏನು ಸಂಬಂಧ?

ಊರುಗಳ ಹತ್ತಿರ ಬೇಲಿ ಹಾಕಿ, ಬೆಟ್ಟ ಮತ್ತು ಮರಳುಗಾಡನ್ನು ಬಿಟ್ಟರೆ ಆ ಕಡೆ ಯಾರೂ ಹೋಗಲಾರರು ಅಂತ 1994ರಲ್ಲಿ ಲೆಕ್ಕ ಹಾಕಿದ್ದರು. ಹೋದರು. 1998ರಿಂದ 2020ರವರೆಗೆ ಗಸ್ತು ಪಡೆಯೇ ದಾಖಲಿಸಿದ ಸಾವು 8,000 ದಾಟುತ್ತದೆ. ಸಿಗದೇ ಹೋದ ದೇಹಗಳು ಇದರಲ್ಲಿ ಸೇರಿಲ್ಲ. 2019ರ ಜೂನ್‌ನಲ್ಲಿ ಅರಿಜೋನಾದ ಲ್ಯೂಕ್‌ವಿಲ್ ಹತ್ತಿರ ಪಂಜಾಬಿನ ಆರು ವರ್ಷದ ಹುಡುಗಿ ಬಿಸಿಲಿಗೆ ಸತ್ತಳು. ತಾಯಿ ಮಗುವನ್ನು ಜೊತೆಯವರ ಹತ್ತಿರ ಬಿಟ್ಟು ನೀರು ಹುಡುಕಲು ಹೋಗಿದ್ದರು. ಅವತ್ತು ಅಲ್ಲಿ 42 ಡಿಗ್ರಿ ಬಿಸಿಲು.

ಒಟ್ಟು ಎಷ್ಟು ಖರ್ಚು?

ಟ್ರಂಪ್ ಮೊದಲ ಅವಧಿಯಲ್ಲಿ ಗೋಡೆಗೆ ಎತ್ತಿಟ್ಟದ್ದು ಸುಮಾರು 1,500 ಕೋಟಿ ಡಾಲರ್. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯಲ್ಲಿ ಇನ್ನೂ 4,650 ಕೋಟಿ ಡಾಲರ್. ಇದು ನಾಸಾದ ಎರಡು ವರ್ಷದ ಬಜೆಟ್ಟಿಗೆ ಹತ್ತಿರ. ಜಮೀನಿನ ವ್ಯಾಜ್ಯ, ದುರಸ್ತಿ, ಕ್ಯಾಮೆರಾ, ಕಾವಲಿನವರ ಸಂಬಳ ಇವೆಲ್ಲ ವರ್ಷವರ್ಷವೂ ಇದ್ದದ್ದೇ.

ಗೋಡೆಯಿಂದಲೇ ಅಮೆರಿಕದಲ್ಲಿ ವಲಸಿಗರು ಜಾಸ್ತಿಯಾದ್ರು ಅಂತ ಹಿಂದೆ ಫೋನಿನಲ್ಲಿ ಹೇಳಿದ್ರಿ, ಅದು ತಲೆಗೆ ಹತ್ತಲಿಲ್ಲ

ಗುಳೆ ಹೋಗುವುದನ್ನು ನೆನಪಿಸಿಕೊಳ್ಳಿ. ರಾಯಚೂರು, ಯಾದಗಿರಿ ಕಡೆಯವರು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಗೋವಾಕ್ಕೋ ಹೋಗುತ್ತಾರೆ. ನಾಲ್ಕು ತಿಂಗಳು ದುಡಿದು ಮಳೆಗಾಲಕ್ಕೆ ವಾಪಸ್. ಈಗ ನಡುವೆ ಒಂದು ಗೋಡೆ ಎದ್ದಿತು ಅಂದುಕೊಳ್ಳಿ. ಒಂದು ಸಲ ದಾಟಲು ಒಂದು ಲಕ್ಷ ರೂಪಾಯಿ, ಜೀವದ ಭಯ ಬೇರೆ. ಆಗ ಯುಗಾದಿಗೆ ಊರಿಗೆ ಬರುತ್ತಾರಾ? ಬರುವುದಿಲ್ಲ. ಬೆಂಗಳೂರಲ್ಲೇ ಉಳಿಯುತ್ತಾರೆ. ಆಮೇಲೆ ಹೇಗಾದರೂ ಮಾಡಿ ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳುತ್ತಾರೆ.

ಮೆಕ್ಸಿಕೊದ ಕೂಲಿಯವರಿಗೆ ಆದದ್ದು ಇದೇ. 1942ರಿಂದ 1964ರವರೆಗೆ ಅಮೆರಿಕವೇ 'ಬ್ರಸೇರೊ' ಅನ್ನುವ ಯೋಜನೆಯಲ್ಲಿ ಅವರನ್ನು ಹಂಗಾಮಿಗೆ ಕರೆಸಿಕೊಳ್ಳುತ್ತಿತ್ತು. ಯೋಜನೆ ನಿಂತಿತು, ಬಂದು ಹೋಗುವುದು ಕಾಗದವಿಲ್ಲದೆ ಮುಂದುವರಿಯಿತು. ಗಡಿ ಬಿಗಿಯಾದ ಮೇಲೆ ಬರುವುದು ಕುಗ್ಗಿದ್ದಕ್ಕಿಂತ ವಾಪಸ್ ಹೋಗುವುದೇ ಹೆಚ್ಚು ಕುಗ್ಗಿತು. ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಹತ್ತಾರು ವರ್ಷ ಮೆಕ್ಸಿಕೊದ ಹಳ್ಳಿಗಳ ಲೆಕ್ಕ ಇಟ್ಟು ತೋರಿಸಿದ್ದು ಇದನ್ನೇ. ಅಮೆರಿಕದಲ್ಲಿ ದಾಖಲೆ ಇಲ್ಲದವರು 1990ರಲ್ಲಿ 35 ಲಕ್ಷ, 2007ರಲ್ಲಿ 1.22 ಕೋಟಿ. ಬೇಲಿ ಬೆಳೆದದ್ದು ಇದೇ ಕಾಲದಲ್ಲಿ. ಬೇಲಿಯೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಆಗ ಇಲ್ಲಿ ಕೆಲಸವೂ ಬೇಕಾದಷ್ಟಿತ್ತು. ಆದರೆ ಒಳಗೆ ಇದ್ದವರನ್ನು ಒಳಗೇ ಕೂಡಿಹಾಕಿದ್ದು ಬೇಲಿ.

## ಬೇರೆ ದೇಶಗಳಲ್ಲಿ

ಇಸ್ರೇಲ್ ಗೋಡೆ ಕಟ್ಟಿ ಗೆದ್ದಿತಲ್ಲ? ಅದಕ್ಕೇನು ಉತ್ತರ?

ಗೋಡೆಯ ಪರ ಇರುವ ಅತಿ ಗಟ್ಟಿ ಉದಾಹರಣೆ ಇದು, ಒಪ್ಪುತ್ತೇನೆ. ಈಜಿಪ್ಟ್ ಗಡಿಯಲ್ಲಿ ಸುಮಾರು 240 ಕಿ.ಮೀ. ಬೇಲಿ. 2011ರಲ್ಲಿ ಆಫ್ರಿಕಾದಿಂದ 17,000ಕ್ಕೂ ಹೆಚ್ಚು ಜನ ಬಂದಿದ್ದರು. 2013ರ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಯಿತು. ಆದರೆ ಜೊತೆಗೇ 2012ರಲ್ಲಿ ಒಂದು ಕಾಯ್ದೆ ಬಂತು. ಹಾಗೆ ಬಂದವರನ್ನು ವಿಚಾರಣೆ ಇಲ್ಲದೆ ಮೂರು ವರ್ಷ ಕೂಡಿಹಾಕಬಹುದು ಅಂತ. ಮುಂದಿನ ವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಗಡಿ ಚಿಕ್ಕದು, ಸುತ್ತ ಬರೀ ಮರುಭೂಮಿ, ಉದ್ದಕ್ಕೂ ಸೈನ್ಯ. ಇಲ್ಲಿನ ಗಡಿ ಅದರ ಹದಿಮೂರು ಪಟ್ಟು.

ಹಂಗೇರಿ?

2015ರ ಸೆಪ್ಟೆಂಬರ್‌ನಲ್ಲಿ ಸರ್ಬಿಯಾ ಗಡಿಯ 175 ಕಿ.ಮೀ. ಮುಚ್ಚಿತು. ಜನ ಕ್ರೊಯೇಷಿಯಾ, ಸ್ಲೊವೇನಿಯಾ ಸುತ್ತಿಕೊಂಡು ಆಸ್ಟ್ರಿಯಾ ಸೇರಿದರು. ಅವರಿಗೆ ಬೇಕಾಗಿದ್ದದ್ದು ಜರ್ಮನಿ, ಹಂಗೇರಿ ಬರೀ ದಾರಿ. ಹಂಗೇರಿಗೆ ತಲೆನೋವು ಹೋಯಿತು, ಯುರೋಪಿಗೆ ಹೋಗಲಿಲ್ಲ.

ಪಕ್ಕದ ದೇಶದ ಪೊಲೀಸರು ಗೋಡೆಗಿಂತ ಮುಖ್ಯ ಅಂತ ಯಾವಾಗಲೂ ಹೇಳ್ತೀರಿ. ಒಂದು ಉದಾಹರಣೆ ಕೊಡಿ

ಆಫ್ರಿಕಾದ ತುದಿಯಲ್ಲಿ ಸ್ಪೇನ್‌ಗೆ ಸೇರಿದ ಸೆಯುತಾ ಅನ್ನುವ ಚಿಕ್ಕ ಊರಿದೆ. ಮೊರಾಕೊ ಸುತ್ತುವರಿದಿದೆ. ಎರಡು ಸಾಲು ಎತ್ತರದ ಬೇಲಿ. 2021ರ ಮೇ ತಿಂಗಳಲ್ಲಿ ಸ್ಪೇನ್ ಮೇಲೆ ಮುನಿಸಿಕೊಂಡ ಮೊರಾಕೊ ತನ್ನ ಕಾವಲನ್ನು ಸಡಿಲ ಬಿಟ್ಟಿತು. ಎರಡೇ ದಿನದಲ್ಲಿ ಸುಮಾರು 8,000 ಜನ ಒಳಗೆ ಬಂದರು. ಸಮುದ್ರಕ್ಕೆ ಇಳಿದು ಬೇಲಿಯ ತುದಿ ಬಳಸಿ ಈಜಿಕೊಂಡು ಬಂದರು, ಮಕ್ಕಳೂ ಇದ್ದರು. ಬೇಲಿ ಅಲ್ಲೇ ಇತ್ತು.

ನಮ್ಮ ಬಾಂಗ್ಲಾ ಗಡಿ ಬೇಲಿ ಕಥೆ ಏನು? ಅಷ್ಟು ಬೇಲಿ ಹಾಕಿದ್ರೂ ಬೆಂಗಳೂರಿಗೆ ಬರ್ತಾನೇ ಇದ್ದಾರಲ್ಲ?

ಭಾರತ, ಬಾಂಗ್ಲಾ ಗಡಿ 4,096 ಕಿ.ಮೀ. ಅಮೆರಿಕದ ದಕ್ಷಿಣ ಗಡಿಗಿಂತ ಉದ್ದ. 1985ರ ಅಸ್ಸಾಂ ಒಪ್ಪಂದದಲ್ಲಿ ಬೇಲಿಯ ಮಾತು ಬಂತು, ಆ ದಶಕದ ಕೊನೆಗೆ ಕೆಲಸ ಶುರುವಾಯಿತು. 2025ರ ಆರಂಭದ ಹೊತ್ತಿಗೆ ಸುಮಾರು 3,230 ಕಿ.ಮೀ. ಬೇಲಿ ಆಗಿತ್ತು. ಅಮೆರಿಕ ಬೊಬ್ಬೆ ಹಾಕಿಕೊಂಡು ಕಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿಯನ್ನು ನಾವು ಸದ್ದಿಲ್ಲದೆ ಕಟ್ಟಿದ್ದೇವೆ. ಉಳಿದದ್ದರಲ್ಲಿ ಸುಮಾರು 175 ಕಿ.ಮೀ. ಬೇಲಿ ಹಾಕಲಾಗದ ಜಾಗ ಅಂತ ಸರ್ಕಾರವೇ ಹೇಳಿದೆ. ಅಸ್ಸಾಂನ ಧುಬ್ರಿಯ ಹತ್ತಿರ ಬ್ರಹ್ಮಪುತ್ರ ಪ್ರತಿ ಮಳೆಗಾಲಕ್ಕೂ ದಾರಿ ಬದಲಿಸುತ್ತದೆ. ಇವತ್ತು ಕಂಬ ನೆಟ್ಟ ಮರಳದಿಣ್ಣೆ ಮುಂದಿನ ವರ್ಷ ಇರುವುದಿಲ್ಲ. ಅಲ್ಲಿ ಕ್ಯಾಮೆರಾ, ಸೆನ್ಸರ್ ಹಾಕಿದ್ದಾರೆ.

1975ರ ಒಪ್ಪಂದದಂತೆ ಗಡಿಗೆರೆಯಿಂದ 150 ಗಜದೊಳಗೆ ರಕ್ಷಣಾ ಕಟ್ಟಡ ಕಟ್ಟುವಂತಿಲ್ಲ. ಹಾಗಾಗಿ ಬೇಲಿ ಒಳಗೆ ಸರಿಯಿತು, ನಮ್ಮದೇ ರೈತರ ಹೊಲ ಆಚೆ ಉಳಿಯಿತು. ಗೇಟು ತೆರೆಯುವ ಹೊತ್ತಿಗೆ ಗುರುತಿನ ಚೀಟಿ ಕೊಟ್ಟು ಹೊಲಕ್ಕೆ ಹೋಗಬೇಕು, ಮುಚ್ಚುವ ಹೊತ್ತಿಗೆ ವಾಪಸ್. ಟೆಕ್ಸಾಸಿನ ಕೋಡ್ ಗೇಟಿನ ಬಡ ತಮ್ಮ ಇದು.

ಎಷ್ಟು ಜನ ಬಂದಿದ್ದಾರೆ? 2004ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ 1.2 ಕೋಟಿ ಅಂದಿತು. 2016ರಲ್ಲಿ 2 ಕೋಟಿ ಅಂದಿತು. ಈ ಹನ್ನೆರಡು ವರ್ಷ ಬೇಲಿ ಉದ್ದವಾಗುತ್ತಲೇ ಇತ್ತು. ಎರಡೂ ಅಂಕಿ ನಿಜವಾದರೆ ಬೇಲಿ ಸೋತಿದೆ, ಬೇಲಿ ಗೆದ್ದಿದ್ದರೆ ಅಂಕಿ ಸುಳ್ಳು. ಎರಡನ್ನೂ ಒಟ್ಟಿಗೆ ಹೇಳಲು ಬರುವುದಿಲ್ಲ.

ಇನ್ನು ಬೆಂಗಳೂರು. 2020ರ ಜನವರಿಯಲ್ಲಿ ಬೆಳ್ಳಂದೂರು ಕಡೆಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಅಂತ ಹೇಳಿ ಶೆಡ್ಡುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಆ ಕೆಲಸವನ್ನು ತರಾಟೆಗೆ ತೆಗೆದುಕೊಂಡಿತು. ಗಡಿಯಲ್ಲಿ ಆಗಬೇಕಾದ ಕೆಲಸವನ್ನು ಊರೊಳಗೆ ಮುಖ ನೋಡಿ, ಮಾತು ಕೇಳಿ ಮಾಡಲು ಹೊರಟರೆ ಹೀಗಾಗುತ್ತದೆ.

ಈ 'ಡಂಕಿ' ದಾರಿಯಲ್ಲಿ ನಮ್ಮವರೂ ಬರ್ತಾರಂತೆ, ನಿಜಾನಾ?

ಡಂಕಿ ಅಂದರೆ ಏಜೆಂಟರಿಗೆ ದುಡ್ಡು ಕೊಟ್ಟು, ದೇಶದಿಂದ ದೇಶಕ್ಕೆ ಹಾರಿ ಕಳ್ಳದಾರಿಯಲ್ಲಿ ಗಡಿ ದಾಟುವುದು. ಭಾರತದವರು ಬರುತ್ತಾರೆ. ಹೆಚ್ಚಾಗಿ ಪಂಜಾಬ್, ಹರಿಯಾಣ, ಗುಜರಾತಿನವರು. ಕನ್ನಡದವರು ಸಾಮಾನ್ಯವಾಗಿ ವಿಮಾನದಲ್ಲಿ, ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾ ಹಿಡಿದು ಬರುವವರು.

2023ರ ಲೆಕ್ಕದ ವರ್ಷದಲ್ಲಿ ಅಮೆರಿಕದ ಎಲ್ಲಾ ಗಡಿಗಳಲ್ಲಿ ಸಿಕ್ಕ ಭಾರತೀಯರು ಸುಮಾರು 97,000. 2023ರ ಡಿಸೆಂಬರಿನಲ್ಲಿ ಮಧ್ಯ ಅಮೆರಿಕದ ನಿಕರಾಗುವಾಕ್ಕೆ ಹೊರಟಿದ್ದ ಒಂದು ವಿಮಾನವನ್ನು ಫ್ರಾನ್ಸಿನಲ್ಲಿ ತಡೆದಾಗ ಒಳಗೆ 303 ಜನ, ಬಹುತೇಕ ಭಾರತೀಯರು. ಏಜೆಂಟರು ಕೇಳುವುದು ಹತ್ತಾರು ಲಕ್ಷ ರೂಪಾಯಿ. ಜಮೀನು ಮಾರಿ ಅಷ್ಟು ಸುರಿದವನು 30 ಅಡಿ ಗೋಡೆ ನೋಡಿ ವಾಪಸ್ ಹೋಗುತ್ತಾನಾ? ದಕ್ಷಿಣದ ದಾರಿ ಕಷ್ಟವಾದಂತೆ ಕೆನಡಾದ ದಾರಿ ಹಿಡಿದವರು ಹೆಚ್ಚಿದರು. ಅಲ್ಲಿ 8,891 ಕಿ.ಮೀ. ಗಡಿ, ಗೋಡೆ ಇಲ್ಲ. 2022ರ ಜನವರಿಯಲ್ಲಿ ಮ್ಯಾನಿಟೋಬಾದ ಎಮರ್ಸನ್ ಹತ್ತಿರ ಗುಜರಾತಿನ ಒಂದೇ ಕುಟುಂಬದ ನಾಲ್ವರು ಹಿಮದಲ್ಲಿ ಹೆಪ್ಪುಗಟ್ಟಿ ಸತ್ತದ್ದು ಈ ದಾರಿಯಲ್ಲೇ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಜನರನ್ನು ಅಮೃತಸರದಲ್ಲಿ ಇಳಿಸಿದ್ದು ನಿಮಗೆಲ್ಲ ನೆನಪಿರಬಹುದು.

## ಸ್ವಲ್ಪ ಆಳಕ್ಕೆ ಇಳಿದು

ಹಿಡಿದವರ ಅಂಕಿ ಕೊಡ್ತೀರಿ. ಅದು ಬಂದವರ ಅಂಕಿ ಹೇಗಾಗುತ್ತೆ?

ಆಗುವುದಿಲ್ಲ, ಒಳ್ಳೆಯ ಪ್ರಶ್ನೆ. ಒಬ್ಬನನ್ನೇ ಮೂರು ಸಲ ಹಿಡಿದರೆ ಮೂರು ಅಂತಲೇ ಲೆಕ್ಕ. 2020ರ ಮಾರ್ಚ್‌ನಿಂದ 2023ರ ಮೇ ತನಕ ಕೊರೋನಾ ಹೆಸರಿನ ನಿಯಮದಲ್ಲಿ ಹಿಡಿದವರನ್ನು ಕೇಸಿಲ್ಲದೆ ತಕ್ಷಣ ವಾಪಸ್ ತಳ್ಳುತ್ತಿದ್ದರು. ಅವರು ಮರುದಿನ ಮತ್ತೆ ಬರುತ್ತಿದ್ದರು. ಆ ವರ್ಷಗಳ ಅಂಕಿ ಉಬ್ಬಿರುವುದಕ್ಕೆ ಇದೂ ಕಾರಣ. ಇನ್ನೊಂದು ಕಡೆ, ಕ್ಯಾಮೆರಾದಲ್ಲಿ ಕಂಡು ಕೈಗೆ ಸಿಗದೆ ಹೋದವರ ಲೆಕ್ಕ ಬೇರೆಯೇ ಇದೆ. 2022ರಲ್ಲಿ ಅದೇ 6 ಲಕ್ಷ. ಗಸ್ತಿನವರು ಜಾಸ್ತಿಯಾದರೆ ಹಿಡಿಯುವುದೂ ಜಾಸ್ತಿಯಾಗುತ್ತದೆ. ಅಂಕಿ ಏರಿತು ಅಂತ ಗೋಡೆ ಸೋತಿತು ಅನ್ನುವವರೂ, ಇಳಿಯಿತು ಅಂತ ಗೆದ್ದಿತು ಅನ್ನುವವರೂ ಎಡವುವುದು ಇಲ್ಲೇ.

2007ರ ನಂತರ ಮೆಕ್ಸಿಕೊದವರು ಬರುವುದು ಕಡಿಮೆಯಾದದ್ದನ್ನೂ ಬೇಲಿಯ ಖಾತೆಗೆ ಹಾಕುತ್ತಾರೆ. ಆಗ ಅಮೆರಿಕದಲ್ಲಿ ಕಟ್ಟಡದ ಕೆಲಸ ಬಿದ್ದುಹೋಗಿತ್ತು. ಅದಕ್ಕಿಂತ ದೊಡ್ಡ ಕಾರಣ ಮೆಕ್ಸಿಕೊದ ಮನೆಗಳೊಳಗೆ ಇತ್ತು. 1960ರ ದಶಕದಲ್ಲಿ ಒಬ್ಬ ತಾಯಿಗೆ ಆರೇಳು ಮಕ್ಕಳು, 2000ದ ದಶಕದಲ್ಲಿ ಎರಡು ಎರಡೂವರೆ. ಕೆಲಸ ಹುಡುಕಿ ಹೊರಡಲು ಹುಡುಗರೇ ಕಡಿಮೆ.

ಡ್ರಗ್ಸ್ ತಡೆಯೋಕಾದ್ರೂ ಬೇಕಲ್ವಾ?

ಫೆಂಟನಿಲ್ ಅನ್ನುವ ಜೀವ ತೆಗೆಯುವ ಮಾದಕವಸ್ತು ಹೆಚ್ಚಾಗಿ ಸಿಗುವುದು ಅಧಿಕೃತ ಗೇಟುಗಳಲ್ಲಿ, ಕಾರು ಲಾರಿಗಳೊಳಗೆ. ತರುವವರಲ್ಲಿ ಬಹಳ ಮಂದಿ ಅಮೆರಿಕದ ಪ್ರಜೆಗಳೇ. ಅದಕ್ಕೆ ಬೇಕಾದದ್ದು ಸ್ಕ್ಯಾನರ್.

ನಿಮ್ಮ ಮನೆಗೆ ಕಾಂಪೌಂಡ್ ಇಲ್ವಾ? ಬಾಗಿಲು ತೆಗೆದು ಮಲಗ್ತೀರಾ?

ಮಾವನವರ ಮೆಚ್ಚಿನ ಪ್ರಶ್ನೆ. ಕಾಂಪೌಂಡ್ ಇದೆ ಮಾವ, ಅದಕ್ಕೊಂದು ಗೇಟೂ ಇದೆ. ಹಾಲಿನವರು, ಮನೆಕೆಲಸದವರು ಅದೇ ಗೇಟಿನಲ್ಲಿ ಬರುತ್ತಾರೆ. ಈಗ ಗೇಟಿಗೆ ಬೀಗ ಹಾಕಿ, ಹಿತ್ತಲ ಗೋಡೆ ಹಾರಿ ಬಂದ ಕೆಲಸದವರಿಗೆ ಒಳಗಿನಿಂದಲೇ ಸಂಬಳ ಕೊಡುತ್ತಿದ್ದರೆ ಅದನ್ನು ಏನನ್ನಬೇಕು? ಅಮೆರಿಕದ ಹೊಲಗಳಲ್ಲಿ ದುಡಿಯುವ ಹತ್ತು ಜನರಲ್ಲಿ ನಾಲ್ವರಿಗೆ ಕಾಗದವಿಲ್ಲ. ಹೆಚ್ಚು ಓದು, ತರಬೇತಿ ಬೇಡದ ಕೆಲಸಕ್ಕೆ ಉದ್ಯೋಗದ ದಾರಿಯಲ್ಲಿ ಇಡೀ ದೇಶ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ 10,000 ದಾಟುವಂತಿಲ್ಲ, ಮನೆಯವರ ಪಾಲೂ ಸೇರಿ. ಇಡೀ ಪ್ರಪಂಚಕ್ಕೆ ಅಷ್ಟೇ. ಕಾಗದ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ ಅಂತ 1986ರಲ್ಲೇ ಕಾನೂನಾಗಿದೆ. ಮಾಲೀಕರಿಗೆ ಅದರ ಬಿಸಿ ತಟ್ಟುವುದು ಅಪರೂಪ.

ಹಾಗಾದ್ರೆ ಕೆಡವಿಬಿಡಬೇಕಾ? ನಿಮ್ಮ ಕೈಲಿ ಕೊಟ್ರೆ ಏನ್ ಮಾಡ್ತೀರಿ?

ಕೆಡವುವುದಿಲ್ಲ. ಎರಡೂ ಕಡೆ ಊರು ಅಂಟಿಕೊಂಡಿರುವ ಜಾಗದಲ್ಲಿ ಬೇಲಿ ಬೇಕು. ದಾಟಿದವನು ಎರಡು ನಿಮಿಷದಲ್ಲಿ ಗಲ್ಲಿಯೊಳಗೆ ಮಾಯವಾಗುವ ಕಡೆ ಅದು ಗಸ್ತಿನವರಿಗೆ ಹತ್ತು ನಿಮಿಷ ಗಳಿಸಿಕೊಡುತ್ತದೆ. ಬೇಲಿಯ ಅಸಲಿ ಕೆಲಸ ಇಷ್ಟೇ. ಮನುಷ್ಯರೇ ಇಲ್ಲದ ಬೆಟ್ಟದಲ್ಲಿ ಡೈನಮೈಟ್ ಇಟ್ಟು ದಾರಿ ಮಾಡಿ ಗೋಡೆ ನಿಲ್ಲಿಸುವುದು ಸುಮ್ನೆ ದುಡ್ಡು ದಂಡ.

ಉಳಿದ ದುಡ್ಡನ್ನು ನ್ಯಾಯಾಧೀಶರಿಗೆ ಕೊಡುತ್ತೇನೆ. ವಲಸೆ ಕೋರ್ಟುಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಕೇಸು ಕೊಳೆಯುತ್ತಿವೆ. ತೀರ್ಪಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ಆ ವರ್ಷಗಳು ಇಲ್ಲಿ ಇದ್ದು ದುಡಿಯಬಹುದು ಅನ್ನುವುದೇ ಎಷ್ಟೋ ಜನರಿಗೆ ಬರಲು ಕಾರಣವಾಗಿತ್ತು. ಆರು ತಿಂಗಳಲ್ಲಿ ಹೌದು ಅಥವಾ ಇಲ್ಲ ಅಂತ ತೀರ್ಪಾದರೆ, ಸುಳ್ಳು ಕಾರಣ ಹಿಡಿದು ಬರುವವರು ತಾವಾಗಿಯೇ ಕಡಿಮೆಯಾಗುತ್ತಾರೆ. ಜೊತೆಗೆ ಹಂಗಾಮಿನ ಕೆಲಸಕ್ಕೆ ಬಂದು ಹೋಗುವ ವೀಸಾ ಜಾಸ್ತಿ ಮಾಡುತ್ತೇನೆ. ಇದಕ್ಕೆ ಓಟು ಬೀಳುವುದಿಲ್ಲ, ಗೊತ್ತು. ಜಡ್ಜ್ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಯಾರು ನೋಡುತ್ತಾರೆ?

ಕೊನೆಗೆ, ಗೋಡೆ ನೋಡೋಕೆ ಹೋಗಬಹುದಾ?

ಹೋಗಬಹುದು. ಅಮೆರಿಕದ ಬದಿಯಲ್ಲಿ ಬಾರ್ಡರ್ ಫೀಲ್ಡ್ ಸ್ಟೇಟ್ ಪಾರ್ಕ್ ಇದೆ. ಮಳೆಗಾಲದಲ್ಲಿ ರಸ್ತೆ ಮುಳುಗುತ್ತದೆ, ಎರಡು ಕಿ.ಮೀ.ಗಿಂತ ಜಾಸ್ತಿ ನಡೆಯಬೇಕು. ಪಾಸ್‌ಪೋರ್ಟ್ ಜೊತೆಗಿರಲಿ, ಗಸ್ತಿನವರು ಕೇಳಬಹುದು. ಆಚೆ ಬದಿ ಇನ್ನೂ ಚೆಂದ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೊದ ವೀಸಾ ಬೇರೆ ಬೇಡ, ಆದರೆ ವಾಪಸ್ ಬರಲು ನಿಮ್ಮ ವೀಸಾ ಕಾಗದ ಎಲ್ಲ ಸರಿಯಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಹೋಗಲು ಹತ್ತು ನಿಮಿಷ. ವಾಪಸ್ ಬರಲು ಸ್ಯಾನ್ ಇಸಿದ್ರೊ ಗೇಟಿನಲ್ಲಿ ಎರಡು ಗಂಟೆ, ಶನಿವಾರ ಭಾನುವಾರ ಇನ್ನೂ ಜಾಸ್ತಿ. ದಿನಕ್ಕೆ ಸುಮಾರು 70,000 ಜನ ವಾಹನಗಳಲ್ಲಿ ಈ ಗೇಟಿನಲ್ಲಿ ಉತ್ತರಕ್ಕೆ ಬರುತ್ತಾರೆ. ಕಾರುಗಳ ಸಾಲಿನ ಮಧ್ಯೆ ಚುರ್ರೊ ಅನ್ನುವ ಕರಿದ ಸಿಹಿ ತಿಂಡಿ ಮಾರುತ್ತ ಬರುತ್ತಾರೆ. ಬಿಸಿ ಇದ್ದಾಗ ತಗೊಳ್ಳಿ, ಮತ್ತು ಚಿಲ್ಲರೆ ಡಾಲರ್ ಇಟ್ಟುಕೊಂಡಿರಿ.